ವಿಶ್ವಾಸಾರ್ಹತೆಯ ಅಂಕ: ಅವಳಿ ಕಾರುಗಳು ಕೇಳುವ ಪ್ರಶ್ನೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಪ್ರಶ್ನೆ ಕೇಳಿದ. ಹಲವು ವರ್ಷಗಳ ಉಳಿತಾಯದಿಂದ ಅವನು ಕೂಪೆಯೊಂದನ್ನು, ಅಂದರೆ ಎರಡು ಬಾಗಿಲಿನ, ತಗ್ಗು ಚಾವಣಿಯ ಚುರುಕು ಕಾರೊಂದನ್ನು ಕೊಳ್ಳಬೇಕೆಂದಿದ್ದಾನೆ. ಗೇರನ್ನು ಕೈಯಲ್ಲೇ ಬದಲಿಸುವಂತಿರಬೇಕು. ಟೊಯೊಟಾ ಜಿಆರ್86 ಮತ್ತು ಸುಬಾರು ಬಿಆರ್‌ಝಡ್, ಇವೆರಡರಲ್ಲಿ ಯಾವುದು? "ಸರ್, 2024ರ ವಿಶ್ವಾಸಾರ್ಹತೆಯ ಪಟ್ಟಿಯಲ್ಲಿ ಟೊಯೊಟಾ ಬಹಳ ಮೇಲಿದೆ. ಅದನ್ನೇ ಕೊಳ್ಳಲೆ?" ಎಂದ.

ಇವೆರಡೂ ಅವಳಿ ಕಾರುಗಳು. ಮೊದಲ ಪೀಳಿಗೆ 2012ರಲ್ಲಿ ಬಂದಿತು, ಎರಡನೆಯದು 2021ರಲ್ಲಿ ಮಾರುಕಟ್ಟೆಗೆ ಬಂದಿತು. ಎರಡೂ ತಯಾರಾಗುವುದು ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ಎರಡರಲ್ಲೂ ಇರುವುದು ಸುಬಾರುವಿನದೇ 2.4 ಲೀಟರ್ ಎಂಜಿನ್. ಇಂಧನ ಸಿಂಪಡಿಸುವ ವ್ಯವಸ್ಥೆ ಮಾತ್ರ ಟೊಯೊಟಾದ್ದು. ಮುಂಭಾಗದ ರೂಪ, ಸಸ್ಪೆನ್ಷನ್ನಿನ ಹೊಂದಾಣಿಕೆಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದೆ. ಹೀಗಿರುವಾಗ ಲಾಂಛನ ನೋಡಿ ಆರಿಸುವುದರಲ್ಲಿ ಅರ್ಥವಿದೆಯೆ?

ಅವನು ನೋಡಿದ್ದು ಜೆ.ಡಿ. ಪವರ್ ಸಂಸ್ಥೆಯ ಪಟ್ಟಿ. ಮೂರು ವರ್ಷ ಹಳೆಯ ವಾಹನಗಳ ಮಾಲೀಕರನ್ನು, ಕಳೆದ 12 ತಿಂಗಳಲ್ಲಿ ಕಂಡ ತೊಂದರೆಗಳೇನು ಎಂದು ಕೇಳಿ, 100 ವಾಹನಗಳಿಗೆ ಎಷ್ಟು ತೊಂದರೆ ಎಂದು ಅದು ಲೆಕ್ಕಹಾಕುತ್ತದೆ. 2024ರಲ್ಲಿ ಟೊಯೊಟಾಗೆ ಬಂದ ಸಂಖ್ಯೆ 147, ಉದ್ಯಮದ ಸರಾಸರಿ 190. ಈ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಆದರೆ ಅಧ್ಯಯನಕ್ಕೆ ಒಳಪಟ್ಟದ್ದು 2021ರ ಮಾದರಿ ವಾಹನಗಳು. ಜಿಆರ್86 ಅಮೆರಿಕಕ್ಕೆ ಬಂದದ್ದೇ 2022ರ ಮಾದರಿಯಾಗಿ. ಅಂದರೆ ಆ 147ರೊಳಗೆ ನನ್ನ ವಿದ್ಯಾರ್ಥಿ ಕೊಳ್ಳಲಿರುವ ಕಾರು ಒಂದೂ ಇಲ್ಲ! ಅದು ಬೇರೆ ಕಾರ್ಖಾನೆಗಳಲ್ಲಿ, ಬೇರೆ ಎಂಜಿನ್ನುಗಳೊಡನೆ ತಯಾರಾದ ಕ್ಯಾಮ್ರಿ, ಕೊರೊಲಾ ಮುಂತಾದವುಗಳ ಸರಾಸರಿ.

ಲಾಂಛನ ರಕ್ಷಣೆ ಕೊಡುವುದಿಲ್ಲ ಎಂಬುದಕ್ಕೆ ಸಾಕ್ಷ್ಯವೂ ಇದೆ. ಮೊದಲ ಪೀಳಿಗೆಯ ಕೆಲವು ಎಂಜಿನ್ನುಗಳಲ್ಲಿ ಕವಾಟದ ಸ್ಪ್ರಿಂಗು ಮುರಿಯಬಹುದೆಂದು 2018ರ ನವೆಂಬರಿನಲ್ಲಿ ದುರಸ್ತಿಗಾಗಿ ಕಾರುಗಳನ್ನು ವಾಪಸು ಕರೆಯಲಾಯಿತು. ಆ ಕರೆ ಅವಳಿಗಳೆರಡಕ್ಕೂ ಅನ್ವಯಿಸಿತು.

'ತೊಂದರೆ' ಎಂದರೇನು ಎಂಬುದೂ ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತದೆ. ಜರ್ಮನಿಯ ಎಡಿಎಸಿ ಸಂಘ 1978ರಿಂದ ಎಣಿಸುತ್ತಿರುವುದು ರಸ್ತೆಯಲ್ಲಿ ಕೆಟ್ಟು ನಿಂತು ನೆರವು ಕೋರಿದ ಕಾರುಗಳನ್ನು. ಅದೇ ದೇಶದ ಟ್ಯೂಫ್ ವರದಿ ಎಣಿಸುವುದು ಕಡ್ಡಾಯ ತಪಾಸಣೆಯಲ್ಲಿ ಸಿಕ್ಕ ದೋಷಗಳನ್ನು. ಅಮೆರಿಕದ ಪಟ್ಟಿಯಲ್ಲಾದರೋ ಫೋನು ಕಾರಿನ ಪರದೆಗೆ ಜೋಡಣೆಯಾಗದಿದ್ದರೂ ಅದು ಒಂದು ತೊಂದರೆಯೇ. ಹೀಗೆ ಮೂರು ಬೇರೆ ರಾಶಿಗಳನ್ನು ಅಳೆದು ಮೂರಕ್ಕೂ 'ವಿಶ್ವಾಸಾರ್ಹತೆ' ಎಂದು ಹೆಸರಿಡಲಾಗಿದೆ. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಇದನ್ನು ನಾವು ಒಪ್ಪುತ್ತೇವೆಯೆ?

ಅನಿಶ್ಚಿತತೆಯ ಮಾತು ಇನ್ನೂ ಮುಖ್ಯ. ಇಂಥ ಕೂಪೆಗಳು ಮಾರಾಟವಾಗುವುದೇ ಕಡಿಮೆ, ಆದ್ದರಿಂದ ಉತ್ತರಿಸುವ ಮಾಲೀಕರೂ ಕಡಿಮೆ. ಎರಡು ಮಾದರಿಗಳ ತಲಾ 100 ಮಾಲೀಕರನ್ನು ಕೇಳಿದಾಗ ಒಂದರಲ್ಲಿ 25, ಇನ್ನೊಂದರಲ್ಲಿ 16 ತೊಂದರೆ ಕಂಡುಬಂದವು ಎಂದುಕೊಳ್ಳಿ. ಪರಸ್ಪರ ಸಂಬಂಧವಿಲ್ಲದ ಘಟನೆಗಳ ಎಣಿಕೆಯಲ್ಲಿ ಅನಿಶ್ಚಿತತೆ ಆ ಸಂಖ್ಯೆಯ ವರ್ಗಮೂಲದಷ್ಟು: ಇಲ್ಲಿ 5 ಮತ್ತು 4. ವ್ಯತ್ಯಾಸ 9, ಅದರ ಅನಿಶ್ಚಿತತೆ 41ರ ವರ್ಗಮೂಲ, ಅಂದರೆ ಸುಮಾರು 6.4. ಒಂದು ಇನ್ನೊಂದಕ್ಕಿಂತ ಮೇಲು ಎಂದು ಸಾರಲು ಇಷ್ಟು ಸಾಲದು. ಜಾಹೀರಾತು ಮಾತ್ರ ಸಾರಿಬಿಡುತ್ತದೆ.

ಇನ್ನು ಚಾಲಕನ ಪಾತ್ರ. ನಿಂತ ಕಾರು ಹೊರಡುವಾಗ ಕ್ಲಚ್ ಜಾರುತ್ತದೆ. ಎಂಜಿನ್ ವೇಗ ಸ್ಥಿರವಾಗಿದ್ದು ರಸ್ತೆ ಸಮತಟ್ಟಾಗಿದ್ದರೆ, ಕಾರು ಗಳಿಸಿದ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಉಷ್ಣವಾಗುತ್ತದೆ. ಕಾರಿನ ರಾಶಿ 1250 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 1500 ಸುತ್ತಿನಲ್ಲಿ, ಗಂಟೆಗೆ 12 ಕಿಲೋಮೀಟರ್ ವೇಗಕ್ಕೆ ಕ್ಲಚ್ ಪೂರ್ಣ ಹಿಡಿದುಕೊಂಡರೆ ಉಷ್ಣ ಸುಮಾರು 7 ಕಿಲೋಜೂಲ್. ಅದೇ ಗೇರಿನಲ್ಲಿ 3000 ಸುತ್ತಿಗೆ ಎಬ್ಬಿಸಿ ಹೊರಟರೆ ವೇಗ ಎರಡರಷ್ಟು, ಉಷ್ಣ ನಾಲ್ಕರಷ್ಟು: ಸುಮಾರು 28 ಕಿಲೋಜೂಲ್. ಕಾರು ಒಂದೇ ಆದರೂ ಕ್ಲಚ್ಚಿನ ಆಯುಷ್ಯ ಒಂದೇ ಅಲ್ಲ. ಚುರುಕು ಕೂಪೆ ಕೊಳ್ಳುವವರಲ್ಲಿ ಎರಡನೆಯ ಬಗೆಯವರು ಹೆಚ್ಚಿದ್ದರೆ, ಅವರ ಅವಸರವೂ ಕಾರಿನ ಲೆಕ್ಕಕ್ಕೆ ಸೇರುತ್ತದೆ.

ಹಾಗೆಂದು ಸಮೀಕ್ಷೆಗಳು ನಿರರ್ಥಕವೆಂದಲ್ಲ. ಲಕ್ಷಗಟ್ಟಲೆ ಮಾರಾಟವಾಗುವ ಕಾರುಗಳ ದೊಡ್ಡ ವ್ಯತ್ಯಾಸಗಳನ್ನು ಅವು ತೋರಿಸಬಲ್ಲವು. ಮಾರುವವನ ಮಾತಿಗಿಂತ ಖಂಡಿತ ಮೇಲು. ನನ್ನ ಆಕ್ಷೇಪ, ಮಾದರಿಯ ಗಾತ್ರವನ್ನೂ ಅನಿಶ್ಚಿತತೆಯನ್ನೂ ಮರೆಮಾಡಿ ಶ್ರೇಯಾಂಕವನ್ನಷ್ಟೇ ಎತ್ತಿ ಹಿಡಿಯುವ ಪರಿಪಾಠಕ್ಕೆ.

ವಿದ್ಯಾರ್ಥಿಗೆ ಹೀಗೆ ಬರೆದೆ: "ಲಾಂಛನ ಬಿಡು. ಎರಡನ್ನೂ ಓಡಿಸಿ ನೋಡು. ಬೆಲೆ, ಖಾತರಿಯ ಅವಧಿ, ಮನೆಗೆ ಹತ್ತಿರದ ಸರ್ವಿಸ್ ಕೇಂದ್ರ ಇವನ್ನು ಹೋಲಿಸು. ಹಳೆಯ ಕಾರಾದರೆ ವಾಪಸು ಕರೆಯ ದುರಸ್ತಿ ಆಗಿದೆಯೆ ಎಂಬ ದಾಖಲೆ ಕೇಳು."

ಅಧ್ಯಾಪಕ ಮಿತ್ರರು ಪತ್ರಿಕೆಯಲ್ಲಿ ಬಂದ ಇಂಥ ಒಂದು ಪಟ್ಟಿಯನ್ನು ತರಗತಿಗೆ ಒಯ್ಯಬಹುದು. ಏನನ್ನು ಎಣಿಸಿದ್ದಾರೆ, ಎಷ್ಟು ಜನರನ್ನು ಕೇಳಿದ್ದಾರೆ, ಅನಿಶ್ಚಿತತೆ ಎಷ್ಟು ಎಂದು ವಿದ್ಯಾರ್ಥಿಗಳಿಂದಲೇ ಹುಡುಕಿಸಿ. ಉತ್ತರ ಸಿಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ.