ನಾಲ್ಕು ಅಡಿ ಸರಪಣಿ

ನಮ್ಮ ಬೀದಿಯ ಕೊನೆಯಲ್ಲಿ ಮೂವತ್ತು-ನಲವತ್ತರ ಸೈಟಿನ ಒಂದು ಮನೆಯಿದೆ. ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಕಬ್ಬಿಣದ ಕಂಬ, ಕಂಬಕ್ಕೆ ಕಟ್ಟಿದ ಮುಧೋಳ ನಾಯಿ. ಸರಪಣಿ ನಾಲ್ಕು ಅಡಿ ಇದ್ದೀತು. ಅದು ಎಟುಕುವಷ್ಟು ದೂರಕ್ಕೆ ಸಿಮೆಂಟು ನೆಲ ಸವೆದು ಅರ್ಧಚಂದ್ರಾಕಾರವಾಗಿ ನುಣುಪಾಗಿದೆ, ಅದರಾಚೆ ಧೂಳು ಹಾಗೇ ಕೂತಿದೆ. ನಾಯಿಯ ಕತ್ತಿನ ಸುತ್ತ ಬೆರಳಗಲ ಕೂದಲು ಉದುರಿ ಚರ್ಮ ಕಾಣುತ್ತದೆ. ಮನೆಯವರು ಕೆಟ್ಟವರಲ್ಲ. ಹೊತ್ತು ಹೊತ್ತಿಗೆ ಊಟ ಹಾಕುತ್ತಾರೆ, ಅದರ ಹುಟ್ಟುಹಬ್ಬ ಮಾಡುತ್ತಾರೆ, ‘ನಮ್ಮ ಮನೆ ಮಗು ಇದು’ ಎನ್ನುತ್ತಾರೆ. ಆ ಮಾತು ನಿಜವೂ ಹೌದು. ಪ್ರೀತಿಯಿರುವ ಮನೆಯಲ್ಲೇ ಹೀಗಾಗುತ್ತದಲ್ಲ ಎಂಬುದು ನನ್ನ ಸಂಕಟ.

ಮುಧೋಳ ನಾಯಿಯ ಮೈಕಟ್ಟು ನೋಡಿದರೇ ತಿಳಿಯುತ್ತದೆ. ಆಳವಾದ ಎದೆಗೂಡು, ಬೆನ್ನಿಗಂಟಿದ ಹೊಟ್ಟೆ, ನೀಳ ಕಾಲು. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಬೇಟೆಯನ್ನು ಕಣ್ಣಿಂದಲೇ ಗುರುತಿಸಿ ಬೆನ್ನಟ್ಟಲು ಬೆಳೆಸಿದ ತಳಿ ಅದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, ಸೈನ್ಯವೂ ಅದರ ಮರಿಗಳನ್ನು ತರಬೇತಿಗೆ ಒಯ್ದಿತು. ಆ ಸುದ್ದಿ ಓದಿ ಹೆಮ್ಮೆಯಿಂದ ತಂದವರು ಅದರ ಓಟಕ್ಕೆ ಬಯಲೆಲ್ಲಿದೆ ಎಂದು ಯೋಚಿಸಲಿಲ್ಲ. ನಾಯಿ ಸಾಕುವವರು ಮಾಡುವ ತಪ್ಪುಗಳಲ್ಲಿ ದೊಡ್ಡದು ಮರಿ ಮನೆಗೆ ಬರುವ ಮೊದಲೇ ಆಗಿಬಿಡುತ್ತದೆ. ಚೆಂದ ನೋಡುತ್ತೇವೆ, ತಳಿಯ ಹೆಸರು ನೋಡುತ್ತೇವೆ. ಇದಕ್ಕೆ ದಿನಕ್ಕೆ ಎಷ್ಟು ಹೊತ್ತು ಕೊಡಬಲ್ಲೆ ಎಂದು ಕೇಳಿಕೊಳ್ಳುವುದಿಲ್ಲ. 2003ರ ಹೊತ್ತಿಗೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿಬಂದ ಪಗ್ ಮರಿ ಮನೆಮನೆಯ ಆಸೆಯಾಯಿತು. ಅದರ ಚಪ್ಪಟೆ ಮೂತಿ ಮುದ್ದಾಗಿ ಕಾಣುತ್ತದೆ, ಆದರೆ ಆ ಮೂತಿಯಿಂದಲೇ ಅದಕ್ಕೆ ಉಸಿರಾಟ ಕಷ್ಟ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಸರಿಯಾಗಿ ತೇಕಲಾರದ ಪಗ್‌ಗೂ ಹಿಮದ ನಾಡಿನ ದಪ್ಪ ತುಪ್ಪಳ ಹೊತ್ತ ಹಸ್ಕಿಗೂ ನಮ್ಮ ಏಪ್ರಿಲ್ ತಿಂಗಳು ಏನೆಂದು ಊಹಿಸಿ.

2022ರಲ್ಲಿ ಬಂದ ‘777 ಚಾರ್ಲಿ’ ನೋಡಿ ನನ್ನ ಅಕ್ಕಪಕ್ಕ ಕೂತವರೆಲ್ಲ ಅತ್ತರು, ನಾನೂ ಅತ್ತೆ. ಹಣಕ್ಕಾಗಿ ನಾಯಿಗಳಿಂದ ಮರಿ ಹಾಕಿಸುವವರ ಕ್ರೌರ್ಯವನ್ನೂ ಆ ಚಿತ್ರ ತೋರಿಸಿತ್ತು. ಆದರೂ ನನಗೆ ಗೊತ್ತಿರುವ ಒಂದು ಕುಟುಂಬ ಮರುತಿಂಗಳೇ ಅಂಥದೇ ಕಡೆಯಿಂದ ಲ್ಯಾಬ್ರಡಾರ್ ಮರಿ ತಂದಿತು. ಮರಿಗೆ ಐದು ವಾರವೂ ತುಂಬಿರಲಿಲ್ಲ. ಎಂಟು ವಾರಕ್ಕೆ ಮೊದಲು ಮರಿ ಮಾರಬಾರದೆಂದು 2017ರ ಕೇಂದ್ರ ನಿಯಮವೇ ಹೇಳುತ್ತದೆ. ಕಚ್ಚಿದರೆ ಎಷ್ಟು ನೋಯುತ್ತದೆ, ಆಟ ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ನಡುವೆ. ಆ ಪಾಠ ತಪ್ಪಿಸಿ ತಂದು, ಆಮೇಲೆ ಕೈ ಕಚ್ಚುತ್ತದೆ ಎಂದು ದೂರುವುದು ನ್ಯಾಯವಲ್ಲ.

ಸರಪಣಿಗೆ ಮರಳುತ್ತೇನೆ. ಹಳ್ಳಿಯಲ್ಲಿ ನಾಯಿ ಬಾಗಿಲಲ್ಲಿ ಮಲಗುತ್ತಿತ್ತು, ಹೊಲಕ್ಕೆ ಹೊರಟವರ ಹಿಂದೆ ಹೋಗುತ್ತಿತ್ತು, ಕುರಿ ಕಾಯುತ್ತಿತ್ತು. ಲಸಿಕೆಯಿಲ್ಲದೆ ಸಾಯುತ್ತಿತ್ತು ಎಂಬುದೂ ನಿಜ, ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಆದರೆ ಅದಕ್ಕೆ ಓಡಾಟವಿತ್ತು, ಕೆಲಸವಿತ್ತು. ಪೇಟೆಗೆ ಬಂದ ನಾವು ಕಾವಲನ್ನು ಮಾತ್ರ ಇಟ್ಟುಕೊಂಡು ಓಡಾಟ ತೆಗೆದುಬಿಟ್ಟೆವು. ಹಗಲಿಡೀ ಕಟ್ಟಿಸಿಕೊಂಡ ನಾಯಿ ಒಳ್ಳೆಯ ಕಾವಲುಗಾರನೂ ಆಗುವುದಿಲ್ಲ. ಹಾಲಿನವನಿಗೂ ಬೊಗಳುತ್ತದೆ, ಮನೆಯ ಮಗುವಿಗೂ ಬೊಗಳುತ್ತದೆ, ಕೊನೆಗೆ ಯಾರೂ ಎದ್ದು ನೋಡುವುದಿಲ್ಲ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅಷ್ಟು ಸಣ್ಣ ದಂಡಕ್ಕೆ ಯಾರೂ ಹೆದರುವುದಿಲ್ಲ, ಹಾಗಾಗಿ ಈ ಮಾತನ್ನು ಸಾಕಿದವರಿಗೇ ಹೇಳಬೇಕಾಗಿದೆ.

ಊಟದ ವಿಷಯಕ್ಕೆ ಬಂದರೆ, ನಮ್ಮ ಕೈ ತುಂಬ ಧಾರಾಳ. ಮಿಕ್ಕ ಸಾಂಬಾರು ಅನ್ನ ಕಲಸಿ ಹಾಕುತ್ತೇವೆ, ಹಬ್ಬದ ದಿನ ಪಾಯಸ. ಸಾಂಬಾರಿನ ಈರುಳ್ಳಿ, ಒಗ್ಗರಣೆಯ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು. ಚಾಕೊಲೇಟ್ ವಿಷ. ಬೇಯಿಸಿದ ಕೋಳಿ ಮೂಳೆ ಚೂರಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ‘ನಮ್ಮಜ್ಜಿ ಕಾಲದಿಂದ ಇದನ್ನೇ ಹಾಕುತ್ತಿದ್ದೇವೆ, ಏನೂ ಆಗಿಲ್ಲ’ ಎನ್ನುವವರಿದ್ದಾರೆ. ಅಜ್ಜಿಯ ಕಾಲದ ನಾಯಿ ಸೊರಗಿ ಸತ್ತಾಗ ಅದರ ರಕ್ತ ಪರೀಕ್ಷಿಸಿ ನೋಡಿದವರು ಯಾರು? ರಾಗಿ ಮುದ್ದೆಯನ್ನೋ ಬರೀ ಅನ್ನವನ್ನೋ ಮೊಟ್ಟೆ, ಬೇಯಿಸಿದ ಮಾಂಸದ ಜೊತೆ ಖಾರವಿಲ್ಲದೆ ಕೊಡಿ, ಒಗ್ಗರಣೆಗೆ ಮೊದಲೇ ಅದರ ಪಾಲು ಎತ್ತಿಡಿ. ಮೈ ಬಿಸಿಯಾಗಿದೆ ಎಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆ ನುಂಗಿಸುವುದಂತೂ ಬೇಡವೇ ಬೇಡ. ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರವೆನಿಸುವುದು ಅದಕ್ಕೆ ಆರೋಗ್ಯ. ನಿಜವಾಗಿ ಜ್ವರ ಬಂದಿದ್ದರೆ ಉಣುಗಿನಿಂದ ಬಂದದ್ದೂ ಇರಬಹುದು, ಅದಕ್ಕೆ ಬೇಕಾದ್ದು ಪಶುವೈದ್ಯರು.

ಇನ್ನು ಹೊಡೆತ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಬಂದು, ಸೋಫಾದ ಮೇಲೆ ಉಚ್ಚೆ ಕಂಡು, ನಾಯಿಯ ಮೂತಿ ಹಿಡಿದು ಅದಕ್ಕೆ ಉಜ್ಜುತ್ತಾರೆ. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ’ ಎನ್ನುತ್ತಾರೆ. ಆ ಮುಖವನ್ನು ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ತಿನ್ನಬೇಡವೆಂದ ತಿಂಡಿಯನ್ನು ತಿಂದ ನಾಯಿ, ತಿನ್ನದ ನಾಯಿ ಎರಡೂ ಬೈಗುಳಕ್ಕೆ ಅದೇ ಮುಖ ಮಾಡಿದವು. ನಾವು ಪಶ್ಚಾತ್ತಾಪವೆಂದು ಓದುವುದು ಬರೀ ಹೆದರಿಕೆ. ಮಧ್ಯಾಹ್ನದ ಉಚ್ಚೆಗೂ ಸಂಜೆಯ ಹೊಡೆತಕ್ಕೂ ಇರುವ ಸಂಬಂಧ ಅದಕ್ಕೆ ತಿಳಿಯುವುದಿಲ್ಲ. ತಿಳಿಯುವುದು ಒಂದೇ, ಬಾಗಿಲು ತೆರೆದು ಬರುವ ಯಜಮಾನರ ಕೈ ಹೊಡೆಯುತ್ತದೆ ಎಂಬುದು. ಗುರ್ ಎಂದದ್ದಕ್ಕೆ ಹೊಡೆಯುವುದು ಇದಕ್ಕಿಂತ ಅಪಾಯ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ ಕೋಪ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ. ‘ಇದ್ದಕ್ಕಿದ್ದಂತೆ ಕಚ್ಚಿತು’ ಎನ್ನುವ ಎಷ್ಟೋ ಮನೆಗಳಲ್ಲಿ ಹೀಗೆ ಆಗಿರುತ್ತದೆ ಎಂದು ನನ್ನ ನಂಬಿಕೆ.

ಲಸಿಕೆಯ ಬಗ್ಗೆ ವಾದಕ್ಕೆ ಜಾಗವೇ ಇಲ್ಲ. ‘ನಮ್ಮದು ಗೇಟು ದಾಟುವುದಿಲ್ಲ’ ಎಂಬ ಸಮಾಧಾನ ಸಾಲದು, ಗೇಟಿನ ಸಂದಿಯಿಂದ ಬೀದಿ ನಾಯಿಯ ಮೂತಿ ಒಳಗೆ ಬರುತ್ತದೆ. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ, ನಾಯಿಗೂ ಇಲ್ಲ, ಮನುಷ್ಯನಿಗೂ ಇಲ್ಲ.

ಕಳೆದ ವಾರ ಆ ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿದೆ. ಮೊದಲು ಬೇಸರಪಟ್ಟರು, ಆಮೇಲೆ ‘ಬೆಳಿಗ್ಗೆ ವಾಕಿಂಗ್‌ಗೆ ನಾನು ಹೇಗೂ ಹೋಗುತ್ತೇನೆ, ಇವನನ್ನೂ ಕರಕೊಂಡು ಹೋಗಬಹುದು’ ಎಂದರು. ಈಗ ನಾಲ್ಕು ದಿನದಿಂದ ಹೋಗುತ್ತಿದ್ದಾರೆ. ನಿಮ್ಮ ಮನೆಯಲ್ಲೂ ನಾಯಿಯಿದ್ದರೆ ಇವತ್ತೇ ಅದರ ಕತ್ತುಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ. ತೂರದಿದ್ದರೆ ಒಂದು ತೂತು ಸಡಿಲಿಸಿ, ಸರಪಣಿ ಬಿಚ್ಚಿ, ಹಗ್ಗ ಹಿಡಿದು ಅದರ ಜೊತೆ ಅರ್ಧ ಗಂಟೆ ನಡೆದು ಬನ್ನಿ.