ಮೊದಲ 917ರ ಮೊದಲ ರೂಪ

ಪೋರ್ಷೆ 917 ರೇಸ್ ಕಾರಿನ ಚಾಸಿಸ್ ಎಂದರೆ ತೆಳು ಅಲ್ಯೂಮಿನಿಯಂ ಕೊಳವೆಗಳನ್ನು ಒಂದಕ್ಕೊಂದು ಬೆಸೆದು ಕಟ್ಟಿದ ಹಂದರ. ಅದರ ತೂಕ ಸುಮಾರು 42 ಕೆ.ಜಿ. ಗಾಳಿಯಿಂದಲೇ ತಂಪಾಗುವ 4.5 ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್, ಪೆಟ್ರೋಲ್ ಟ್ಯಾಂಕುಗಳು, ಮುಂದಿನ ಚಕ್ರಗಳ ಅಚ್ಚನ್ನೂ ದಾಟಿ ಕಾಲು ಚಾಚಿ ಕೂರುವ ಚಾಲಕ, ಎಲ್ಲದರ ಭಾರವನ್ನೂ ಹೊರುವುದು ಇಷ್ಟು ಹಗುರವಾದ ಈ ಹಂದರವೇ. ಅದರ ಮೇಲಿನ ಫೈಬರ್‌ಗ್ಲಾಸ್ ಹೊದಿಕೆ ಬಿಚ್ಚಿ ಬದಲಿಸಬಹುದಾದ ಅಂಗಿಯಷ್ಟೇ. ಕೊಳವೆಗಳೊಳಗೆ ಒತ್ತಡದಲ್ಲಿ ಅನಿಲ ತುಂಬಿಸಿ ಒಂದು ಮಾಪಕ ಜೋಡಿಸುತ್ತಿದ್ದರು. ಎಲ್ಲಾದರೂ ಬಿರುಕು ಬಿಟ್ಟರೆ ಒತ್ತಡ ಇಳಿಯುತ್ತಿತ್ತು, ಮುಳ್ಳು ಕೆಳಗೆ ಬರುತ್ತಿತ್ತು. ತನ್ನ ಚಾಸಿಸ್ ಯಾವಾಗ ಬೇಕಾದರೂ ಸೀಳಬಹುದು ಎಂಬುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಕಾರು ಇನ್ನೊಂದು ಸಿಗುವುದು ಕಷ್ಟ.

ಈ ಸಾಲಿನ ಮೊದಲ ಕಾರು, 917-001, 1969ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಮೈ ಬಿಳಿ, ಮೂತಿ ಹಸಿರು, ಹಿಂಭಾಗ ಉದ್ದ. ಮರು ತಿಂಗಳು ನಿಯಮದ ಪ್ರಕಾರ ಬೇಕಾಗಿದ್ದ 25 ಕಾರುಗಳನ್ನೂ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಪರಿವೀಕ್ಷಕರಿಗೆ ತೋರಿಸಲಾಯಿತು. 001 ಮಾತ್ರ ಸ್ಪರ್ಧೆಗೆ ಇಳಿಯಲೇ ಇಲ್ಲ. 1970ರಲ್ಲಿ ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆ ಗೆದ್ದು ಪೋರ್ಷೆಗೆ ಅಲ್ಲಿನ ಮೊದಲ ಸಮಗ್ರ ಜಯ ತಂದುಕೊಟ್ಟರು. ಅವರು ಓಡಿಸಿದ್ದು 917-023. ಪ್ರದರ್ಶನಕ್ಕೆ ಒಂದು ಕಾರು ಬೇಕಾದಾಗ 001ರ ಬಾಲ ಮೊಟಕುಗೊಳಿಸಿ, ಗೆದ್ದ ಕಾರಿನ ಕೆಂಪು-ಬಿಳಿ ಬಣ್ಣ ಬಳಿದು, 23ರ ಅಂಕಿ ಬರೆದು ನಿಲ್ಲಿಸಿದರು. ದಶಕಗಳ ಕಾಲ ಅದು ಇನ್ನೊಬ್ಬರ ವೇಷದಲ್ಲೇ ಉಳಿಯಿತು. ಮಾದರಿಗೆ ಐವತ್ತು ತುಂಬುವ 2019ರ ಹೊತ್ತಿಗೆ ಪೋರ್ಷೆ ವಸ್ತುಸಂಗ್ರಹಾಲಯದವರು ಅದನ್ನು ಜಿನೀವಾದ ರೂಪಕ್ಕೆ ಮರಳಿಸಿದರು.

ಮೂಲರೂಪಕ್ಕೆ ತರುವುದೆಂದರೆ ಮೊದಲು ಒಂದು ದಿನಾಂಕವನ್ನು ಗೊತ್ತುಮಾಡಿಕೊಳ್ಳಬೇಕು. ರೇಸ್ ಕಾರು ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬದಲಾಗಿರುತ್ತದೆ. ಅದಕ್ಕಿಂತ ಕಷ್ಟದ ಮಾತೆಂದರೆ, ಆ ದಿನಾಂಕದಂದು ಕಾರಿನಲ್ಲಿದ್ದ ದೋಷವನ್ನೂ ಮರಳಿ ಕೂಡಿಸಬೇಕು. ಉದ್ದ ಬಾಲದ ಆರಂಭದ 917 ವೇಗ ಹೆಚ್ಚಿದಂತೆ ನೆಲ ಬಿಟ್ಟೇಳಲು ನೋಡುತ್ತಿತ್ತು. 1969ರ ಲೆ ಮಾನ್ಸ್‌ನ ಮೊದಲ ಸುತ್ತಿನಲ್ಲೇ ಜಾನ್ ವುಲ್ಫ್ ಇದೇ ಮಾದರಿಯಲ್ಲಿ ಜೀವ ಕಳೆದುಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದನ್ನು ಗಮನಿಸಿದರು: ಕಾರಿನ ಮುಂಭಾಗದ ತುಂಬ ನುಸಿಗಳು ಸತ್ತು ಅಂಟಿದ್ದವು, ಬಾಲದ ಮೇಲೆ ಒಂದೂ ಇರಲಿಲ್ಲ. ಅಂದರೆ ಗಾಳಿ ಬಾಲವನ್ನು ಮುಟ್ಟುತ್ತಲೇ ಇರಲಿಲ್ಲ. ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ ಬಾಲವನ್ನು ಗಿಡ್ಡವಾಗಿ, ಮೇಲಕ್ಕೆ ಚಾಚುವಂತೆ ಮಾಡಿದ ಮೇಲೆ ಕಾರು ನೆಲ ಕಚ್ಚಿ ಓಡಿತು. 001ಕ್ಕೆ ಮತ್ತೆ ಉದ್ದ ಬಾಲ ಇಟ್ಟದ್ದೆಂದರೆ ನುಸಿಗಳು ಕಲಿಸಿದ ಈ ಪಾಠವನ್ನು ಬೇಕೆಂದೇ ಬದಿಗಿಟ್ಟಂತೆ. ಓಡಿಸುವವನಿಗೆ ಇದು ಹಿಮ್ಮುಖ ನಡೆ, ಚರಿತ್ರೆಗೆ ಇದೇ ಸರಿ.

ಹೊದಿಕೆಯನ್ನು ಹಳೆಯ ನಕ್ಷೆ, ಫೋಟೋಗಳ ಆಧಾರದಿಂದ ಹೊಸದಾಗಿ ಎರೆಯಬಹುದು. ಹಂದರದ ವಿಷಯದಲ್ಲಿ ಆ ಸಲಿಗೆ ಇಲ್ಲ, ಏಕೆಂದರೆ ಕಾರಿನ ಗುರುತು ಇರುವುದು ಅದರಲ್ಲೇ. ಹಳೆಯ ಅಲ್ಯೂಮಿನಿಯಂ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ನಡುಕದಿಂದ ದಣಿದು ಒಳಗೊಳಗೇ ಬಿರಿದಿರಬಹುದು. ಕಬ್ಬಿಣದ ಬಿರುಕು ಹುಡುಕುವ ಅಯಸ್ಕಾಂತದ ವಿಧಾನ ಇಲ್ಲಿ ನಡೆಯದು. ಬಣ್ಣದ ದ್ರವ ಹಚ್ಚಿ ಒರೆಸಿ, ಸೀಳಿನಲ್ಲಿ ಉಳಿದ ಗೆರೆಯನ್ನು ನೋಡಬೇಕು. ಒಳಗಿನದಕ್ಕೆ ಎಕ್ಸ್-ರೇ ಬೇಕು. ಬಳಿಕ ಹಂದರವನ್ನು ಸಮತಟ್ಟಾದ ಉಕ್ಕಿನ ಹಾಸಿನ ಮೇಲೆ ಬಿಗಿದು, ಸಸ್ಪೆನ್ಶನ್ ಕೂರುವ ಬಿಂದುಗಳನ್ನು ಅಳೆಯುತ್ತಾರೆ. ಯಾವುದೋ ಹಳೆಯ ಡಿಕ್ಕಿಯನ್ನು ಯಾರೋ ಅವಸರದಲ್ಲಿ ರಿಪೇರಿ ಮಾಡಿದ್ದು ಹೊರಬೀಳುವುದು ಈ ಹಂತದಲ್ಲಿ. ಕೆಟ್ಟ ಕೊಳವೆಯನ್ನಷ್ಟೇ ಕತ್ತರಿಸಿ ಅದೇ ವ್ಯಾಸದ, ಅದೇ ದಪ್ಪದ ತುಂಡು ಬೆಸೆಯುತ್ತಾರೆ. ವೆಲ್ಡಿಂಗ್‌ನ ಕಾವಿಗೆ ಹಂದರ ಸೊಟ್ಟಗಾಗದಂತೆ ಬಿಗಿಹಿಡಿಯುವ ಚೌಕಟ್ಟು ಬೇಕು, ಬೆಸುಗೆಯನ್ನು ಒಂದೇ ಕಡೆಯಿಂದ ಮುಗಿಸುತ್ತ ಹೋಗದೆ ಆಚೆ ಈಚೆ ಹಂಚಿ ಹಾಕಬೇಕು. ಒಳ್ಳೆಯ ಕೆಲಸಗಾರ ಕತ್ತರಿಸಿದ ತುಂಡುಗಳಿಗೆ ಚೀಟಿ ಕಟ್ಟಿ ಇಡುತ್ತಾನೆ, ಹೊಸ ಕೊಳವೆಯ ಮೇಲೆ ಗುರುತು ಹಾಕುತ್ತಾನೆ. ಹೊಸದನ್ನು ಹಳೆಯದರಂತೆ ಕಾಣುವ ಹಾಗೆ ಮಸುಕು ಮಾಡುವ ಜಾಣತನ ಮೋಸಕ್ಕೆ ಬಹಳ ಹತ್ತಿರದ್ದು.

ಅಂತರರಾಷ್ಟ್ರೀಯ ಐತಿಹಾಸಿಕ ರೇಸಿಗೆ ಇಳಿಯುವ ಕಾರಾದರೆ ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎಯ ತಾಂತ್ರಿಕ ಪಾಸ್‌ಪೋರ್ಟ್ ಬೇಕು. ಕಾರು ತನ್ನ ಕಾಲದಲ್ಲಿದ್ದ ರೂಪದಲ್ಲೇ ಇದೆ ಎಂಬುದಕ್ಕೆ ದಾಖಲೆ ಕೊಡಬೇಕು. ಚಾಲಕನ ಸುರಕ್ಷತೆಗೆ ಸಂಬಂಧಿಸಿದ ಸೇರ್ಪಡೆಗಳಿಗೆ ಮಾತ್ರ ರಿಯಾಯಿತಿ ಉಂಟು.

001ರ ನಿರ್ಧಾರ ಸುಲಭವಾಗಿತ್ತು, ತೆಗೆದುಹಾಕಿದ್ದು ಬೇರೆ ಕಾರಿನ ವೇಷವನ್ನು. 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್‌ನ ಸಂಗತಿ ಹಾಗಲ್ಲ. 1929 ಮತ್ತು 1930ರ ಲೆ ಮಾನ್ಸ್ ಎರಡನ್ನೂ ಗೆದ್ದ ಆ ಕಾರು ಆಮೇಲೂ ಸ್ಪರ್ಧಿಸುತ್ತ ಚಾಸಿಸ್, ಎಂಜಿನ್, ಹೊದಿಕೆ ಎಲ್ಲವನ್ನೂ ಬದಲಿಸಿಕೊಂಡಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಕ್ಲೈವ್ ಡನ್‌ಫೀ ಸಾವಿಗೀಡಾದ ಅಪಘಾತದ ನಂತರ ಅದನ್ನು ಮತ್ತೆ ಕಟ್ಟಲಾಯಿತು. ಒಂದು ಕೋಟಿ ಪೌಂಡಿಗೆ ಅದನ್ನು ಕೊಳ್ಳಲು ಒಪ್ಪಿದ್ದವರು ಇದು ಆ ಕಾರೇ ಅಲ್ಲವೆಂದು ಹಿಂದೆ ಸರಿದಾಗ ವ್ಯಾಜ್ಯ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. ಹಳೆಯ ಬಿಡಿಭಾಗಗಳು ಉಳಿದದ್ದು ಅತ್ಯಲ್ಪವಾದರೂ ಅದರ ಚರಿತ್ರೆ ಎಲ್ಲೂ ತುಂಡಾಗಿಲ್ಲ, ಆದ್ದರಿಂದ ಇದು ಅಸಲಿ ಓಲ್ಡ್ ನಂಬರ್ ಒನ್ನೇ ಎಂದು ನ್ಯಾಯಮೂರ್ತಿ ಓಟನ್ 1990ರಲ್ಲಿ ತೀರ್ಪಿತ್ತರು. ಅಂಥ ಕಾರನ್ನು 1929ರ ರೂಪಕ್ಕೆ ಎಳೆಯಹೊರಟರೆ ಕಳಚಿಹೋಗುವುದು ಆ ಚರಿತ್ರೆಯೇ.