ಬೆರಗಿನಿಂದ ವಿವೇಚನೆಗೆ: ಬೇಲೂರಿನ ಮದನಕೈ ಶಿಲ್ಪಗಳು ಮತ್ತು ಕಲಾವಿಮರ್ಶೆಯ ಕಲಿಕೆ

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ವು (9ನೆಯ ಶತಮಾನ) ತನ್ನ ಮೊದಲನೆಯ ಪರಿಚ್ಛೇದವನ್ನು ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿದೆ. ಅಲಂಕಾರಗಳ ವಿವೇಚನೆ ಬರುವುದು ಅನಂತರ. ಕುಂದನ್ನು ಗುರುತಿಸಲಾರದವರಿಗೆ ಸೊಗಸನ್ನು ಗುರುತಿಸುವುದೂ ಸಾಧ್ಯವಾಗದು ಎಂಬ ನಿಲುವು ಈ ಅನುಕ್ರಮದಲ್ಲಿಯೇ ಅಡಗಿದೆ ಎನ್ನಬಹುದು. ಆದರೆ ಈ ಪರಂಪರೆಯು ನಮ್ಮ ಶಿಲ್ಪಕಲೆಯನ್ನು ಕುರಿತ ಬರವಣಿಗೆಗೆ ಸಾಕಷ್ಟು ಒದಗಿಬಂದಿಲ್ಲ. ಕಾವ್ಯದ ಗುಣದೋಷಗಳೆರಡನ್ನೂ ತೂಗಿ ನೋಡುವ ನಾವು ಶಿಲ್ಪದ ಎದುರು ನಿಂತಾಗ ಒಂದೋ ಬೆರಗಾಗುತ್ತೇವೆ, ಇಲ್ಲವೇ ಮೂರ್ತಿಯ ಕೈಗಳನ್ನೂ ಆಯುಧಗಳನ್ನೂ ಎಣಿಸಿ ಹೆಸರು ಗುರುತಿಸಿ ಹಿಂದಿರುಗುತ್ತೇವೆ. ಇವೆರಡೂ ವಿಮರ್ಶೆಯಲ್ಲ. ಕಲಾಕೃತಿಯೊಂದನ್ನು ವಿಮರ್ಶಿಸುವುದನ್ನು ಕಲಿಯುವ ಬಗೆ ಹೇಗೆಂಬುದನ್ನು ಬೇಲೂರಿನ ಮದನಿಕೆಯರ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಹೊಯ್ಸಳ ಶಿಲ್ಪದ ಸೂಕ್ಷ್ಮತೆಯನ್ನು ಕುರಿತ ಪ್ರಶಂಸೆಗೆ ದೀರ್ಘ ಇತಿಹಾಸವಿದೆ. ಜೇಮ್ಸ್ ಫರ್ಗುಸನ್ 1876ರ ತಮ್ಮ ಗ್ರಂಥದಲ್ಲಿ ಹಳೇಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನಿನ ಎದುರಿಗಿಟ್ಟು, ಇವೆರಡನ್ನೂ ವಾಸ್ತುಕಲೆಯ ಎರಡು ತುದಿಗಳೆಂದು ಪರಿಗಣಿಸಿದರು. ಅಲ್ಲಿನ ಆನೆಗಳ ಪಟ್ಟಿಕೆಯಲ್ಲಿ ಎರಡು ಸಾವಿರದಷ್ಟು ಆನೆಗಳಿವೆಯೆಂದೂ ದಾಖಲಿಸಿದರು. 1919ರಲ್ಲಿ ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಪ್ರಕಟಿಸಿದ ಗ್ರಂಥವು ಶಿಲ್ಪಗಳ ವಿವರಣೆಗೂ ರೂವಾರಿಗಳ ಹೆಸರುಗಳ ಸಂಗ್ರಹಕ್ಕೂ ಭದ್ರವಾದ ತಳಹದಿ ಹಾಕಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರಶಂಸೆಯ ಪ್ರಮಾಣ ಇನ್ನಷ್ಟು ಹೆಚ್ಚಿದೆ. ಆದರೆ ಮೂವತ್ತೆಂಟು ಮದನಿಕೆಯರಲ್ಲಿ ಯಾವುದು ಯಾವುದಕ್ಕಿಂತ ಮಿಗಿಲು, ಏಕೆ ಮಿಗಿಲು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ವಿರಳ. ಎಲ್ಲವೂ ಅದ್ಭುತವೆಂದು ಹೇಳಿದಾಗ ಯಾವುದರ ಬಗೆಗೂ ಏನನ್ನೂ ಹೇಳಿದಂತಾಗುವುದಿಲ್ಲ.

2

ವಿಮರ್ಶೆಯ ಮೊದಲ ಪಾಠ, ಕೃತಿಯು ಯಾವ ಕೆಲಸಕ್ಕಾಗಿ, ಯಾವ ದ್ರವ್ಯದಲ್ಲಿ, ಯಾವ ಎಡೆಯಲ್ಲಿ ನಿರ್ಮಿತವಾಯಿತೆಂಬುದನ್ನು ಅರಿಯುವುದು. ಕ್ರಿ.ಶ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇವಾಲಯದ ಈ ವಿಗ್ರಹಗಳು ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಂತಿವೆ. ಆದುದರಿಂದಲೇ ಅವಕ್ಕೆ ಮದನಕೈಗಳೆಂಬ ಹೆಸರು. ಇವುಗಳ ದ್ರವ್ಯ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುವ ಶಿಲೆ. ನೋಡುಗರು ಜಗತಿಯ ಮೇಲೆ ನಿಂತು ತಲೆಯೆತ್ತಿ ನೋಡಬೇಕು. ಈ ಮೂರು ಸಂಗತಿಗಳನ್ನು ಬಿಟ್ಟು, ಕಣ್ಣಿನ ಮಟ್ಟದಲ್ಲಿ ಹತ್ತಿರದಿಂದ ತೆಗೆದ ಛಾಯಾಚಿತ್ರವನ್ನು ಮಾತ್ರ ಆಧರಿಸಿ ಅಂಗಾಂಗಗಳ ಪ್ರಮಾಣವನ್ನು ಕುರಿತು ತೀರ್ಪು ನೀಡುವುದು ರೂವಾರಿಗೆ ಅನ್ಯಾಯ ಮಾಡಿದಂತೆ.

ಎರಡನೆಯ ಪಾಠ ತುಲನೆ. ಕಂಬದಿಂದ ಚಾಚಿದ ಸ್ತ್ರೀರೂಪವು ಹೊಯ್ಸಳರ ಸ್ವತಂತ್ರ ಕಲ್ಪನೆಯಲ್ಲ. ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯ ಕಂಬಗಳಲ್ಲಿ ಮರದಡಿಯ ದಂಪತಿಗಳೂ ಸ್ತ್ರೀಯರೂ ಮದನಕೈಗಳಾಗಿದ್ದಾರೆ. ಕಲ್ಯಾಣ ಚಾಲುಕ್ಯರ ಕಾಲದ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಕೈಗಳು ಇವೆರಡರ ನಡುವಿನ ಕೊಂಡಿ. ಬಾದಾಮಿಯಲ್ಲಿ ಕಂಬ, ಮರ, ದೇಹ ಎಲ್ಲವೂ ಒಂದೇ ಮರಳುಗಲ್ಲಿನ ಬಂಡೆಯಿಂದ ಹೊರಬಂದಿವೆ; ರೂಪಗಳು ದುಂಡಗೆ ತುಂಬಿಕೊಂಡಿವೆ, ಆಭರಣ ಮಿತವಾಗಿದೆ, ಬಂಡೆಯ ತೂಕ ಆ ದೇಹಗಳಲ್ಲಿ ಉಳಿದಿದೆ. ಬೇಲೂರಿನಲ್ಲಿ ವಿಗ್ರಹವನ್ನು ಪ್ರತ್ಯೇಕವಾಗಿ ಕಡೆದು ಅದರ ಎಡೆಯಲ್ಲಿ ಕೂಡಿಸಲಾಗಿದೆ. ಸೂರಿನ ಭಾರ ಅದರ ಮೇಲಿಲ್ಲ. ಹೀಗಾಗಿ ಕೈಕಾಲುಗಳ ಸುತ್ತ ಗಾಳಿಯಾಡುವಂತೆ ಕಲ್ಲನ್ನು ಬಿಡಿಸಲು ರೂವಾರಿಗೆ ಸಾಧ್ಯವಾಯಿತು. ಇದು ನಿಸ್ಸಂದೇಹವಾಗಿ ಗಳಿಕೆ. ಆದರೆ ಬಾದಾಮಿಯ ತೂಕ ಇಲ್ಲಿ ಕಳೆದುಹೋಯಿತು ಎಂಬುದನ್ನೂ ಹೇಳಬೇಕು. ಗಳಿಕೆಯನ್ನು ಮಾತ್ರ ಹೇಳುವುದು ಅರ್ಧ ವಿಮರ್ಶೆ.

3

ಮೂರನೆಯ ಪಾಠ ಔಚಿತ್ಯದ ವಿವೇಚನೆ. ಒಬ್ಬ ಮದನಿಕೆಯ ಮೇಲಣ ಎಲೆಚಪ್ಪರದಲ್ಲಿ ಹಣ್ಣಿನ ಮೇಲೆ ಕುಳಿತ ನೊಣವನ್ನೂ ಅದಕ್ಕೆ ಹೊಂಚು ಹಾಕಿದ ಹಲ್ಲಿಯನ್ನೂ ಯಾತ್ರಿಕರಿಗೆ ತಪ್ಪದೆ ತೋರಿಸಲಾಗುತ್ತದೆ. ಅದು ಎಷ್ಟು ಚಿಕ್ಕದು ಎಂಬಲ್ಲಿಗೆ ಬೆರಗು ಮುಗಿಯುತ್ತದೆ. ವಿಮರ್ಶೆ ಅಲ್ಲಿಂದ ಆರಂಭವಾಗಬೇಕು: ಆ ಹಲ್ಲಿ ಕೆಳಗಿನ ರೂಪಕ್ಕೆ ಏನು ಮಾಡುತ್ತದೆ? ಒಮ್ಮೆ ಅದನ್ನು ಕಂಡ ಕಣ್ಣು ಮತ್ತೆ ಮದನಿಕೆಯ ಕಡೆಗೆ ಸುಲಭವಾಗಿ ಇಳಿಯುವುದಿಲ್ಲ. ಚಪ್ಪರದ ಕೌಶಲವು ದೇಹದ ಚಲನೆಯೊಡನೆ ಸ್ಪರ್ಧೆಗಿಳಿದಿದೆ. ಇದನ್ನು ದೋಷವೆಂದೇ ಈ ಲೇಖಕನ ಅಭಿಪ್ರಾಯ.

ಇದಕ್ಕೆ ಪ್ರತಿಯಾಗಿ ದರ್ಪಣಸುಂದರಿಯನ್ನು ನೋಡಬಹುದು. ಅಲ್ಲಿಯೂ ಚಪ್ಪರವಿದೆ, ಆಭರಣಗಳಿವೆ, ಪಕ್ಕದಲ್ಲಿ ಚಿಕ್ಕ ಪರಿಚಾರಕ ರೂಪಗಳಿವೆ. ಆದರೆ ದೇಹದ ಬಾಗು, ಎತ್ತಿದ ಕೈ, ವಾಲಿದ ಮುಖ ಇವೆಲ್ಲ ಕನ್ನಡಿಯ ಕಡೆಗೇ ಸಾಗುತ್ತವೆ. ನೋಟಕ್ಕೆ ಒಂದು ತಾಣ ದೊರೆಯುತ್ತದೆ. ಹಾರಗಳ ಇಳಿಜಾರು ಮೈಯ ತಿರುವನ್ನು ಅನುಸರಿಸುತ್ತದೆಯೇ ಹೊರತು ಮರೆಮಾಡುವುದಿಲ್ಲ. ಅಲಂಕಾರವು ಇಲ್ಲಿ ಆಕೃತಿಗೆ ಅಧೀನ. ಇವೆರಡರಲ್ಲಿ ಕುಸುರಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಫಲ ಬೇರೆ. ಆದುದರಿಂದ ಸೂಕ್ಷ್ಮತೆಯೇ ಹೊಯ್ಸಳ ಶಿಲ್ಪದ ಗುಣವೆಂಬ ಪ್ರಚಲಿತ ಮಾತು ನಿಲ್ಲಲಾರದು. ಸೂಕ್ಷ್ಮತೆ ಒಂದು ಸಾಮರ್ಥ್ಯ. ಅದು ಗುಣವಾಗುವುದೂ ದೋಷವಾಗುವುದೂ ವಿನಿಯೋಗದಿಂದ.

4

ಪೂಜ್ಯವಾದ ದೇಗುಲದ ಶಿಲ್ಪದಲ್ಲಿ ತಾರತಮ್ಯ ಎಣಿಸುವುದು ಉಚಿತವೇ ಎಂಬ ಆಕ್ಷೇಪ ಬರಬಹುದು. ಇದಕ್ಕೆ ಉತ್ತರವನ್ನು ರೂವಾರಿಗಳೇ ನೀಡಿದ್ದಾರೆ. ಜಕಣಾಚಾರಿಯ ಐತಿಹ್ಯ ಎಷ್ಟೇ ಹೃದ್ಯವಾಗಿದ್ದರೂ, ಮದನಿಕೆಯರ ಪೀಠಗಳ ಬರಹಗಳಲ್ಲಿ ಕಾಣುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು. ಎದುರಾಳಿ ರೂವಾರಿಗಳನ್ನು ಮೀರಿಸಿದವರೆಂಬ ಅರ್ಥದ ಬಿರುದುಗಳೂ ಆ ಬರಹಗಳಲ್ಲಿವೆ. ಅಂದರೆ ತಮ್ಮ ಕೆಲಸವನ್ನು ಇನ್ನೊಬ್ಬರ ಕೆಲಸದೊಡನೆ ಹೋಲಿಸಿ ನೋಡಬೇಕೆಂದು ಅವರೇ ಬಯಸಿದ್ದರು. ಅವರೆಲ್ಲರನ್ನೂ ಒಬ್ಬ ಜಕಣಾಚಾರಿಯಲ್ಲಿ ಕರಗಿಸಿ, ಎಲ್ಲವನ್ನೂ ಸಮಾನವಾಗಿ ಹೊಗಳುವುದರಿಂದ ಅವರ ಗೌರವ ಹೆಚ್ಚುವುದಿಲ್ಲ.

ಈ ಕಲಿಕೆಗೆ ಅತ್ಯುತ್ತಮ ಪಾಠಶಾಲೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿದೆ. 1246ರ ಲಕ್ಷ್ಮೀನರಸಿಂಹ ದೇವಾಲಯದ ದಕ್ಷಿಣದ ಗೋಡೆಯಲ್ಲಿ ನಂದಿಯ ಬೈಚೋಜನ, ಉತ್ತರದ ಗೋಡೆಯಲ್ಲಿ ಮಲ್ಲಿತಮ್ಮನ ಹೆಸರುಗಳಿವೆ. ಕಾಲ, ದ್ರವ್ಯ, ದೇಗುಲ ಎಲ್ಲವೂ ಒಂದೇ. ಬೇರೆಯಾಗಿರುವುದು ಕೈ ಮಾತ್ರ. ವಿದ್ಯಾರ್ಥಿಗಳು ಮೊದಲು ಬರಹಗಳನ್ನು ಓದದೆ ಎರಡೂ ಗೋಡೆಗಳನ್ನು ನೋಡಿ, ನಿಲುವು, ಮುಖ, ಆಭರಣ, ಚಪ್ಪರಗಳ ವ್ಯತ್ಯಾಸವನ್ನು ಬರೆದಿಟ್ಟುಕೊಂಡು, ಅನಂತರ ಹೆಸರುಗಳನ್ನು ನೋಡಬೇಕು. ಆಮೇಲೆ ಅದೇ ಮಲ್ಲಿತಮ್ಮನನ್ನು ಸೋಮನಾಥಪುರದ ಕೇಶವ ದೇವಾಲಯದಲ್ಲಿ ಹುಡುಕಿ ಹೊರಡಬೇಕು. ಅವನ ಕೈ ಎಲ್ಲಿ ಬೆಳೆದಿದೆ, ಎಲ್ಲಿ ರೂಢಿಗೆ ಬಿದ್ದಿದೆ ಎಂಬುದನ್ನು ಕಾರಣಸಹಿತವಾಗಿ ಹೇಳಬಲ್ಲವರು ಆಯುಧಗಳ ಪಟ್ಟಿಯನ್ನು ಎಂದೋ ದಾಟಿರುತ್ತಾರೆ. ಬೆರಗು ಬಿಡಬೇಕಾದುದಲ್ಲ, ಅದು ವಿಮರ್ಶೆಯ ಹೊಸ್ತಿಲು. ಆದರೆ ಹೊಸ್ತಿಲಿನ ಮೇಲೆಯೇ ಉಳಿದವರಿಗೆ ಗರ್ಭಗೃಹ ಕಾಣುವುದಿಲ್ಲ.